ಸಣ್ಣ ಹೆಣಿಕಿಗೆ ಯಾವ ಹಸಿ ತೊಗಲು?

ಪ್ರಶ್ನೆ (ಮುಧೋಳ): ಬಾರುಕೋಲಿನ ಬಾರಿಗೆ 3 ಮಿ.ಮೀ. ಹುರಿ ನಡುವ ಇಟ್ಟು, 2 ಮಿ.ಮೀ. ಅಗಲದ ಎಂಟು ಎಳಿ ಹೆಣದೇನ್ರಿ. ಹಳೇ ಹಲಗಿ ವಾದ್ಯದಿಂದ ಬಿಚ್ಚಿದ ಹಸಿ ತೊಗಲು, ಅಂದ್ರ ಹದ ಮಾಡದ್ದು. ಹೆಣಿಯುವಾಗ ಎಳಿ ಒತ್ತಾಗಿ ಕೂತಿದ್ವು, ಒಣಗಿದ ಮ್ಯಾಲೆ ನಡುವ ಹುರಿ ಕಾಣಾಕ ಹತ್ತೇತಿ. ಎರಡು ಎಳಿ ಹರದಾವ. ಎಮ್ಮಿ ತೊಗಲು ತಗೋಬೇಕೋ, ಆಡಿಂದೋ?

ಉತ್ತರ (ಅಥಣಿ): ಆಡಿಂದ ತಗೋರಿ ಅಣ್ಣಾರ, 0.8ರಿಂದ 1 ಮಿ.ಮೀ. ದಪ್ಪದ್ದು. ಎಮ್ಮಿ ತೊಗಲಿನ ನಾರು ದಪ್ಪ. ಸೀಳಿ ತೆಳ್ಳಗ ಮಾಡಿದ್ರ ಗಟ್ಟಿ ಪದರೇ ಹೋಗಿ, 2 ಮಿ.ಮೀ. ಎಳಿಯ ಅಂಚು ಹತ್ತಿಯಂಗ ಬಿಡತದ. ಕುರಿ ತೊಗಲು ಸಡಿಲು, ಪದರ ಬಿಚ್ಚತದ. ಹಲಗಿ ತೊಗಲಂತೂ ಬ್ಯಾಡ್ರಿ. ಬಾರಿಸೋ ಮುಂಚೆ ಪ್ರತಿ ಸಲ ಬೆಂಕಿಗೆ ಹಿಡಿದು ಹಿಡಿದು ನಾರು ಸುಟ್ಟು ಪೆಡಸಾಗಿರತದ. ಎಳಿ ಹರದದ್ದು ಅದಕ್ಕ.

ಆಡಿನ ತೊಗಲಿನ್ಯಾಗೂ ಬೆನ್ನಿನ ಪಾಲು ಬೇಕು. ಹೊಟ್ಟಿ, ತೊಡೆಸಂದಿನ ಪಾಲು ಎಳದಷ್ಟೂ ಜಗ್ಗತದ. ಕೊಳ್ಳೂ ಮುಂಚೆ ಮೂಲಿಯಿಂದ ಒಂದು ಬಾರು ಕೊಯ್ದು, ತೋಯಿಸಿ ಎಳೀರಿ. ತುದಿ ಹಿಟ್ಟಿನಂಗ ಉದುರಿದ್ರ ಸುಣ್ಣದಾಗ ಹೆಚ್ಚು ದಿನ ಬಿದ್ದದ್ದು. ಒಣ ತೊಗಲು ಮಡಚಿದ್ರ ಗಾಜಿನಂಗ ಚಟ್ ಅಂದ್ರ ಸುಡುಬಿಸಿಲಿಗೆ ಬೆಂದದ್ದು. ಹಳದಿ ಜಿಡ್ಡು ಕಲಿ ಇದ್ರ ಕೊಬ್ಬು ಉಳದದ, ನಾಳೆ ನಾತ ಹೊಡೀತದ.

ಉತ್ತರ (ಬೆಳಗಾವಿ): ಹರದದ್ದಕ್ಕ ಹಲಗಿ ಕಾರಣ, ಸಂದು ಬಿದ್ದದ್ದಕ್ಕ ನೀರು ಕಾರಣರೀ. ನೀರು ಸೋರುವ ಎಳಿ ಉಬ್ಬಿರತದ. ಒಣಗಿದ್ರ ಅಗಲ, ದಪ್ಪ ಎರಡೂ ಇಳೀತಾವ. ಮೆತ್ತಗಾಗೂ ತನಕ ನೆನೆ ಹಾಕ್ರಿ, ಆಮ್ಯಾಲೆ ನೀರು ಬಸಿದು ಹಸಿ ಅರಬಿಯೊಳಗ ರಾತ್ರಿಯೆಲ್ಲ ಸುತ್ತಿಡ್ರಿ. ಹಿಂಡಿದ್ರ ಹನಿ ಬರಬಾರದು, ಗಲ್ಲಕ್ಕ ಹಚ್ಚಿದ್ರ ತಂಪು ಹತ್ತಬೇಕು.

ಎಳಿ ಮೊದಲು 3 ಮಿ.ಮೀ. ಕೊಯ್ದು ಜಗ್ಗಿ ಒಣಗಿಸಿ, ಆಮ್ಯಾಲೆ 2ಕ್ಕ ತರ್ರಿ. 20 ಸೆಂ.ಮೀ. ಅಗಲದ ದುಂಡನೆ ತುಂಡನ್ನ ಅಂಚಿನಿಂದ ಸುತ್ತ ಸುತ್ತ ಕೊಯ್ದ್ರ ಸುಮಾರು 10 ಮೀಟರ್ ಬರತದ. ಮಾಂಸದ ಕಡೆ ಅಂಚು ರಂಪಿಗಿಯಿಂದ (ತೊಗಲು ಕೊಯ್ಯೋ ಉಳಿ) ಹೆರೀರಿ, ಇಲ್ಲಂದ್ರ ಎಳಿ ಎಳಿ ಮ್ಯಾಲೆ ಹತ್ತಿ ಕೂಡ್ತಾವ. ಒಂದು ಮೊಳ ಹೆಣಿಕಿಗೆ ಒಂದೂವರೆ ಮೊಳ ಎಳಿ, ಗಂಟಿಗೆ ಒಂದು ಗೇಣು ಬ್ಯಾರೆ.

ಪ್ರಶ್ನೆ (ಇಂಡಿ): ನಾಯಿ ಕಡಿಯೋ ಎಲುಬಿನಂಥ ತೊಗಲು ಅಂಗಡ್ಯಾಗ ಸಿಗತದಲ್ರಿ, ನೆನೆಸಿ ಬಿಚ್ಚಿದ್ರ ನಡೀತದೇನು? ಚಪ್ಪಲಿ ಮಾಡೋರ ತೊಗಲು?

ಉತ್ತರ (ಅಥಣಿ): ನಾಯಿದು ನಾಯಿಗೇ ಬಿಡ್ರಿ. ಬಿಳುಪು ಮಾಡಿ ನಾರು ಸತ್ತಿರತದ. ಚಪ್ಪಲಿ ತೊಗಲು ಜಾಲಿ ತೊಗಟಿ, ಅಳಲೆಕಾಯಿ ಹಾಕಿ ಹದ ಮಾಡಿದ್ದು. ಅದರ ಹೆಣಿಕಿ ಚಂದ ಕೂಡ್ತದ, ಬಾಗತದ. ಆದ್ರ ಹಸಿ ತೊಗಲಿನಂಗ ಒಣಗಿ ಬಿಗಿಯಾಗೂದಿಲ್ಲ.

ಪ್ರಶ್ನೆ (ಮುಧೋಳ): ಹಂಗಾದ್ರ 15 ಮಿ.ಮೀ. ದಪ್ಪದ ಹಿಡಿಕಿಗೂ ಇದೇ ಎಂಟು ಎಳಿ ಸಾಕೇನ್ರಿ?

ಉತ್ತರ (ಬೆಳಗಾವಿ): ಮುಚ್ಚೂದಿಲ್ರಿ. ಎಂಟೇ ಎಳಿ ಅಂದ್ರ ಒಂದೊಂದೂ 9 ಮಿ.ಮೀ. ಅಗಲ ಬೇಕಾಗತದ, ಸಣ್ಣ ಹೆಣಿಕಿ ಅನ್ನೂ ಮಾತೇ ಇಲ್ಲ. ಹದಿನಾರು ಎಳಿ, 4.5 ಮಿ.ಮೀ. ಇಟ್ಕೋರಿ.