ರೈಲ್ಸ್: ಮೊತ್ತದ ಲೆಕ್ಕ ಕಂಟ್ರೋಲರ್‌ನಲ್ಲೋ, ಹೆಲ್ಪರ್‌ನಲ್ಲೋ?

ಗೋಣಿಕೊಪ್ಪ_ಕೋಡ್
ವಿರಾಜಪೇಟೆ ಕಡೆಯ ಕಾಫಿ ವ್ಯಾಪಾರಕ್ಕೆ ಖರೀದಿ ಲೆಕ್ಕದ ಆ್ಯಪ್, ರೈಲ್ಸ್ 7 (ರೂಬಿ ಭಾಷೆಯ ವೆಬ್ ಚೌಕಟ್ಟು). ಬ್ರೌಸರಿನ ಕೋರಿಕೆ ನೋಡಿಕೊಳ್ಳುವ ಕಂಟ್ರೋಲರ್‌ನಲ್ಲಿ ‘ಒಟ್ಟು_ಮೊತ್ತ’, ‘ಬಾಕಿ_ಬ್ಯಾಡ್ಜ್’ ಎಂಬ ಎರಡು ಮೆಥಡ್ ಇವೆ, ಹೆಲ್ಪರ್_ಮೆಥಡ್ ಮೂಲಕ ವ್ಯೂಗೂ (ಪುಟದ ಟೆಂಪ್ಲೇಟಿಗೂ) ಸಿಗ್ತವೆ. ಪುಟ ಸರಿಯಾಗಿ ಬರ್ತದೆ. ಅದೇ ಪಟ್ಟಿಯನ್ನು ಸಿಎಸ್‌ವಿಗೆ ಇಳಿಸಿದರೆ ಬಾಕಿ ಕಾಲಂನಲ್ಲಿ ಸ್ಪ್ಯಾನ್ ಎಂಬ ಎಚ್‌ಟಿಎಂಎಲ್ ಟ್ಯಾಗೂ ಬಂದು ಬೀಳ್ತದೆ. ಎರಡನ್ನೂ ಹೆಲ್ಪರ್ ಮಾಡ್ಯೂಲಿಗೆ (ವ್ಯೂಗೆ ನೆರವಾಗುವ ಮೆಥಡ್‌ಗಳ ಫೈಲಿಗೆ) ಹಾಕಿ, ಅದನ್ನು ಕಂಟ್ರೋಲರ್‌ನಲ್ಲಿ ಇನ್‌ಕ್ಲೂಡ್ ಮಾಡಿದರೆ ಆಗ್ತದಾ?

ಚೆರಿಪಾರ್ಚ್‌ಮೆಂಟ್
ಇನ್‌ಕ್ಲೂಡ್ ಬೇಡ ಸರ್. ಮಾಡ್ಯೂಲಿನ ಪಬ್ಲಿಕ್ ಮೆಥಡ್‌ಗಳೆಲ್ಲ ಕಂಟ್ರೋಲರಿನ ಆ್ಯಕ್ಷನ್ (ಯುಆರ್‌ಎಲ್ ಮೂಲಕ ಕರೆಯಬಹುದಾದ ಮೆಥಡ್) ಪಟ್ಟಿಗೆ ಸೇರಿಬಿಡ್ತವೆ. ಕಂಟ್ರೋಲರ್‌ನಲ್ಲಿ ಅಪರೂಪಕ್ಕೆ ಹೆಲ್ಪರ್ ಬೇಕಾದರೆ ರೈಲ್ಸ್ 5ರಿಂದ ‘ಹೆಲ್ಪರ್ಸ್.’ ಎಂದು ಕರೆಯುವ ದಾರಿ ಉಂಟು.

ನಿಮ್ಮ ಎರಡು ಮೆಥಡ್ ಒಂದೇ ಜಾತಿಯವಲ್ಲ. ರೊಬಸ್ಟಾ ಚೆರಿಗೆ ಮೊತ್ತ ಅಂದರೆ ಚೀಲ × ಓಟಿ (ಔಟ್‌ಟರ್ನ್, ಒಂದು ಚೀಲ ಚೆರಿಯಿಂದ ಸಿಗುವ ಕಾಫಿ ಬೀಜದ ಕೆಜಿ) × ಪಾಯಿಂಟ್ ದರ (ಓಟಿಯ ಒಂದೊಂದು ಪಾಯಿಂಟಿನ ಬೆಲೆ). 50 ಕೆಜಿಯ 40 ಚೀಲ, ಓಟಿ 27, ದರ 350 ಆದರೆ 3,78,000. ಇದು ವ್ಯಾಪಾರದ ನಿಯಮ. ಸಿಎಸ್‌ವಿ, ಬಿಲ್ಲು, ಎಸ್ಸೆಮ್ಮೆಸ್ಸು ಎಲ್ಲಕ್ಕೂ ಬೇಕು, ಹಾಗಾಗಿ ಮಾಡೆಲ್‌ಗೆ (ದಾಖಲೆ ಮತ್ತು ಅದರ ನಿಯಮ ಇರುವ ಭಾಗಕ್ಕೆ) ಹೋಗಲಿ, ಬರೀ ಸಂಖ್ಯೆ ಕೊಡಲಿ. ಬ್ಯಾಡ್ಜಿನ ಬಣ್ಣ, ರೂಪಾಯಿ ಚಿಹ್ನೆ, ಅಲ್ಪವಿರಾಮ ಇವು ಹೆಲ್ಪರ್‌ಗೆ. ನಂಬರ್_ವಿತ್_ಡಿಲಿಮಿಟರ್ ತನ್ನ ಪಾಡಿಗೆ 378,000 ಅಂತಲೇ ಬರೆಯುವುದು. ಲಕ್ಷದ ಲೆಕ್ಕಕ್ಕೆ ಡಿಲಿಮಿಟರ್_ಪ್ಯಾಟರ್ನ್ ಆಪ್ಷನ್ ಕೊಡಿ. ಕಂಟ್ರೋಲರಿಗೆ ಉಳಿಯುವುದು ಪ್ಯಾರಮ್ಸ್, ಅನುಮತಿ, ದಾಖಲೆ ತರುವುದು, ರೀಡೈರೆಕ್ಟ್.

ಕಾವೇರಿತೀರ
ಬ್ಯಾಡ್ಜ್ ಹೆಲ್ಪರ್‌ನೊಳಗೆ ‘ಪಾವತಿಗಳು.ಸಮ್(:ಮೊತ್ತ)’ ಇದೆಯಾ ನೋಡಿ. 100 ಸಾಲಿನ ಪುಟಕ್ಕೆ 100 ಕ್ವೆರಿ ಹೆಚ್ಚುವರಿ. ಕಂಟ್ರೋಲರ್‌ನಲ್ಲಿ ‘ಇನ್‌ಕ್ಲೂಡ್ಸ್’ ಹಾಕಿ ಪಾವತಿಗಳನ್ನು ಮೊದಲೇ ತಂದಿಟ್ಟರೂ ನಿಲ್ಲುವುದಿಲ್ಲ, ಕಾಲಂ ಹೆಸರು ಕೊಟ್ಟ ‘ಸಮ್’ ಪ್ರತಿ ಸಲ ಡೇಟಾಬೇಸಿಗೇ ಹೋಗ್ತದೆ. ‘ಸಮ್(&:ಮೊತ್ತ)’ ಅಂದರೆ ಮೊದಲೇ ತಂದದ್ದನ್ನು ಕೂಡುತ್ತದೆ. ಇಷ್ಟು ಸಣ್ಣ ಚಿಹ್ನೆಗೆ ಇಷ್ಟು ವ್ಯತ್ಯಾಸ, ಕೋಡ್ ರಿವ್ಯೂನಲ್ಲಿ ಕಣ್ಣು ತಪ್ಪುವುದೂ ಇದೇ.

ಇನ್ನೊಂದು: ಸ್ಪ್ಯಾನ್ ಅನ್ನು ಸ್ಟ್ರಿಂಗ್ ಜೋಡಿಸಿ ‘ಎಚ್‌ಟಿಎಂಎಲ್_ಸೇಫ್’ (ಎಸ್ಕೇಪ್ ಬೇಡ ಎಂಬ ಗುರುತು) ಹಾಕಬೇಡಿ. ಬೆಳೆಗಾರರ ಹೆಸರಿನ ಖಾನೆಯಲ್ಲಿ ಯಾರಾದರೂ ಸ್ಕ್ರಿಪ್ಟ್ ತುಂಬಿದರೆ ಅದು ಹಾಗೇ ಓಡ್ತದೆ. ‘ಟ್ಯಾಗ್.ಸ್ಪ್ಯಾನ್’ ತಾನೇ ಎಸ್ಕೇಪ್ ಮಾಡ್ತದೆ, ಅಂದರೆ ಟ್ಯಾಗನ್ನು ಬರೀ ಅಕ್ಷರವಾಗಿ ತೋರಿಸ್ತದೆ.

ಗೋಣಿಕೊಪ್ಪ_ಕೋಡ್
ಹಾಗಾದರೆ ಕರೆಂಟ್_ಯೂಸರ್ (ಲಾಗಿನ್ ಆದವರು ಯಾರೆಂದು ಕೊಡುವ ಮೆಥಡ್) ಕೂಡ ಕಂಟ್ರೋಲರಿನಿಂದ ತೆಗೀಬೇಕಾ?

ಚೆರಿಪಾರ್ಚ್‌ಮೆಂಟ್
ಬೇಡ, ಅದು ಸೆಷನ್ ಓದುವ ಕೆಲಸ, ಹೆಲ್ಪರ್_ಮೆಥಡ್ ಇರುವುದೇ ಅಂಥದ್ದಕ್ಕೆ. ಹೆಲ್ಪರ್‌ನಲ್ಲಿ ಮಾತ್ರ @ಖರೀದಿ ನೇರವಾಗಿ ಓದಬೇಡಿ, ಆರ್ಗ್ಯುಮೆಂಟ್ ಆಗಿ ಕೊಡಿ, ಟೆಸ್ಟ್ ಸುಲಭ. ಹೆಸರು ‘ಬ್ಯಾಡ್ಜ್’ ಅಂತ ಬಿಡಬೇಡಿ, ‘ಖರೀದಿ_ಬಾಕಿ_ಬ್ಯಾಡ್ಜ್’ ಮಾಡಿ. ಡೀಫಾಲ್ಟಾಗಿ ಎಲ್ಲ ಹೆಲ್ಪರ್ ಫೈಲೂ ಎಲ್ಲ ವ್ಯೂಗೂ ಬರುವುದರಿಂದ ಒಂದೇ ಹೆಸರಿನ ಎರಡಿದ್ದರೆ ಒಂದು ಇನ್ನೊಂದನ್ನು ಸದ್ದಿಲ್ಲದೆ ನುಂಗ್ತದೆ.