ಮೂಲೆ ಆಮೇಲೆ, ಮೊದಲು ಆ ಸೂಜಿ ಹುಡುಕು

ಹಾಂ ಮಗಾ, ಅನ್ನಕ್ಕಿಟ್ಟು ಬಂದು ಈಗ ನಿನ್ನ ಮೆಸೇಜು ನೋಡಿದೆ. ಕೌದಿಯ ಫೋಟೊ ಸಹ ನೋಡಿದೆ, ಬಹಳ ಚಂದ ಆಗಿದೆ. ಭಾನುವಾರ ತೊಟ್ಟಿಲು ಶಾಸ್ತ್ರ, ಅಂಚುಪಟ್ಟಿ ಕೊಡುವಾಗ ಮೂಲೆಯಲ್ಲಿ ಬಟ್ಟೆ ದಪ್ಪ ಆಗಿ ಮಿಷನ್ ಹೋಗುದಿಲ್ಲ, ಒಂದು ಸೂಜಿಯೂ ಮುರಿಯಿತು, ಎಂತ ಮಾಡುದು ದೊಡ್ಡಮ್ಮ ಅಂತ ಕೇಳಿದ್ದೀ ಅಲ್ವಾ. ಮೂಲೆ ಆಮೇಲೆ ನೋಡುವ. ಮುರಿದ ಸೂಜಿಯ ತುದಿ ಸಿಕ್ಕಿತಾ? ಅದನ್ನು ನೀನು ಹೇಳಲೇ ಇಲ್ಲ.

ನಮ್ಮ ದೊಡ್ಡವ ಹುಟ್ಟಿದಾಗಿನದ್ದು ನಿನ್ನಮ್ಮನಿಗೆ ಗೊತ್ತುಂಟು, ಪರ್ಕಳದ ಚಿಕ್ಕಮ್ಮನೂ ಆಗ ಅಲ್ಲೇ ಇದ್ದಳು. ಅಮ್ಮ ತನ್ನ ಹಳೆ ಸೀರೆ ನಾಲ್ಕು ಮಡಿ ಹಾಕಿ ಕೈಯಲ್ಲೇ ಸಾಲು ಸಾಲು ಹೊಲಿದು ಕೌದಿ ಮಾಡಿದ್ದರು. ಅಂಚು ಗಟ್ಟಿ ಬರಲಿ ಅಂತ ಪೇಟೆಯ ಒಬ್ಬ ಟೈಲರನಿಗೆ ಕೊಟ್ಟದ್ದು. ಮೂಲೆಗೆ ಬರುವಾಗ ಅವನ ಸೂಜಿ ಮುರಿದಿದೆ. ಅವ ಬೇರೆ ಸೂಜಿ ಹಾಕಿ ಹೊಲಿದು ಕೊಟ್ಟುಬಿಟ್ಟ, ತುಂಡು ಎಲ್ಲಿ ಹೋಯಿತು ಅಂತ ನೋಡಲೇ ಇಲ್ಲ. ಮಗು ಆ ಬದಿಗೆ ಹೊರಳಿದರೆ ಸಾಕು, ಕಿಟಾರನೆ ಅಳುವುದು. ಹೊಟ್ಟೆನೋವು ಅಂತ ಓಮದ ನೀರು ಕುಡಿಸಿದರು. ದೃಷ್ಟಿ ಅಂತ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ನನಗೆ ರಾತ್ರಿ ನಿದ್ದೆ ಅಂತ ಇರಲಿಲ್ಲ. ಆಟಿ ತಿಂಗಳ ಮಳೆ, ತೊಳೆದ ಬಟ್ಟೆ ಒಲೆಯ ಮೇಲೆ ಕಟ್ಟಿದರೂ ಒಣಗುದಿಲ್ಲ. ಹಾಗೆ ಕೌದಿ ತಿರುವಿ ಹಾಕುವಾಗ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಕಂದು ಕಲೆ ಕಂಡಿತು. ತುಕ್ಕು! ಬೆರಳು ಸವರಿದ್ದೇ ಚುಚ್ಚಿತು. ಆ ಥಂಡಿಗೆ ತುಕ್ಕು ಹಿಡಿದದ್ದಕ್ಕೆ ನಮಗೆ ಗೊತ್ತಾಯಿತು, ಇಲ್ಲದಿದ್ದರೆ? ನೆನೆದರೆ ಈಗಲೂ ಮೈ ನಡುಗುತ್ತದೆ.

ಹಾಗಾಗಿ ಸೂಜಿಯ ಎರಡೂ ತುಂಡು ಕೈಗೆ ಸಿಗುವವರೆಗೆ ಆ ಕೌದಿ ಮಗುವಿನ ಹತ್ತಿರ ಹೋಗಬಾರದು. ಫ್ರಿಡ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಉಂಟಲ್ಲ, ಅದನ್ನು ಎರಡೂ ಬದಿಯಲ್ಲಿ ನಿಧಾನ ಎಳೆ. ನೆಲದಲ್ಲಿಯೂ, ಮಿಷನಿನ ಹಲ್ಲಿನ ಸಂದಿಯಲ್ಲಿಯೂ ನೋಡು. ಪದರ ಕೂಡಿಸಲಿಕ್ಕೆ ಚುಚ್ಚಿದ ಪಿನ್ನುಗಳನ್ನು ಲೆಕ್ಕ ಮಾಡಿ ಡಬ್ಬಕ್ಕೆ ಹಾಕು. ಇನ್ನೊಮ್ಮೆ ಹೇಳ್ತೇನೆ, ಎರಡೂ ತುಂಡು ಸಿಗಬೇಕು. ಸಿಗದಿದ್ದರೆ ಆ ಮೂಲೆ ಬಿಚ್ಚಿಯೇ ಬಿಡು, ಶಾಸ್ತ್ರದ ದಿನ ಹಳೆ ಸೀರೆ ಹಾಸಿದರೆ ಯಾರೂ ಬೈಯುದಿಲ್ಲ.

ಹಳೆ ಸೀರೆ ಅಂದ ಮೇಲೆ ಹೇಳದೆ ಇರ್ಲಿಕ್ಕೆ ಆಗುದಿಲ್ಲ. ಅಮ್ಮ ಹೋದ ಮೇಲೆ ಅವರ ಟ್ರಂಕಿನ ನೂಲಿನ ಸೀರೆ ಎಲ್ಲ ಎಲ್ಲಿ ಹೋಯಿತು? ಬೀದಿಯಲ್ಲಿ ಬರುವ ಪಾತ್ರೆಯವನಿಗೆ ಕೊಟ್ಟು ಒಂದು ಸ್ಟೀಲ್ ಬೋಗುಣಿ ತೆಗೆದುಕೊಂಡರು. ಎಷ್ಟೋ ಸಲ ಒಗೆದು ಒಗೆದು ಮೆತ್ತಗಾದ ನೂಲು, ಅಂಗಡಿಯಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗುದಿಲ್ಲ. ಉಡುಪಿ ಕೈಮಗ್ಗದ್ದೇ ಎರಡು ಇತ್ತು ಅದರಲ್ಲಿ. ನನಗೊಂದು ಫೋನು ಮಾಡಬಹುದಿತ್ತು. ಯಾರೂ ಕೇಳಲಿಲ್ಲ. ಈ ಗ್ರೂಪಿನಲ್ಲಿ ಇದ್ದವರೇ, ಹೆಸರು ಹೇಳುದಿಲ್ಲ. ಅಮ್ಮನ ಒಂದು ಸೆರಗಾದರೂ ಉಳಿದಿದ್ದರೆ ಇವತ್ತು ನಿನ್ನ ಮಗುವಿನ ಕೌದಿಗೆ ಹಾಕಬಹುದಿತ್ತು ಮಗಾ.

ಅಯ್ಯೋ, ನೀನು ಕೇಳಿದ್ದು ಮೂಲೆ ಅಲ್ವಾ. ಕೇಳು. 36 ಇಂಚು ಅಗಲ, 45 ಇಂಚು ಉದ್ದ ಅಂದಿದ್ದೀ, ಸುತ್ತ 162 ಇಂಚು ಆಯಿತು. ಬಟ್ಟೆಯ ಪೂರ್ತಿ ಅಗಲಕ್ಕೆ ಎರಡೂವರೆ ಇಂಚಿನ ಐದು ಪಟ್ಟಿ ಕತ್ತರಿಸಿ ಒಂದಕ್ಕೊಂದು ಜೋಡಿಸು. ಜೋಡಣೆ ಓರೆಯಾಗಿ ಹಾಕು, ಒಂದೇ ಕಡೆ ದಪ್ಪ ಕೂರುದಿಲ್ಲ. ಜೋಡಣೆ ಮೂಲೆಗೆ ಮಾತ್ರ ಬರಬಾರದು. ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಹಾಕಿ, ಮಡಿಕೆ ಇಲ್ಲದ ಬದಿಯನ್ನು ಕೌದಿಯ ಅಂಚಿಗೆ ಸಮ ಇಟ್ಟು ಕಾಲಿಂಚು ಒಳಗೆ ಹೊಲಿ. ಮೂಲೆ ಬರುವಾಗ ಕೊನೆವರೆಗೆ ಹೋಗಬೇಡ, ಕಾಲಿಂಚು ಮೊದಲೇ ನಿಲ್ಲಿಸು. ಪಟ್ಟಿಯನ್ನು ನೇರ ಮೇಲಕ್ಕೆ ಮಡಚು, ಅಲ್ಲಿ ಓರೆ ಗೆರೆ ಬರ್ತದೆ. ಆಮೇಲೆ ಅದನ್ನೇ ಮುಂದಿನ ಅಂಚಿನ ಮೇಲೆ ಕೆಳಗೆ ಇಳಿಸಿ ತುದಿಯಿಂದ ಹೊಲಿ. ಹಿಂದಕ್ಕೆ ತಿರುಗಿಸುವಾಗ ಮೂಲೆ ತನ್ನಷ್ಟಕ್ಕೆ ಚೂಪಾಗಿ ಕೂರ್ತದೆ. ಹಿಂದಿನ ಬದಿಗೆ ಕೈ ಹೆಮ್ಮಿಂಗ್, ಮಿಷನ್ ಬೇಡ. ದಪ್ಪ ಜಾಗದಲ್ಲಿ ಪೆಡಲ್ ಒತ್ತದೆ ಚಕ್ರ ಕೈಯಲ್ಲಿ ತಿರುಗಿಸು, 16 ನಂಬರ್ ಸೂಜಿ ಹಾಕು.

ಮತ್ತೆ ಮೂಲೆಗೆ ಗುಂಡಿ ಇಡ್ತೇನೆ ಅಂದಿದ್ದೀಯಲ್ಲ, ಅದು ಬೇಡವೇ ಬೇಡ, ಮಗು ಬಾಯಿಗೆ ಹಾಕ್ತದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಕೌದಿಯ ಮೂಲೆಗೆ ಬಟ್ಟೆಯನ್ನೇ ಮಡಚಿ ಮಡಚಿ ಹೂವು ಇಡ್ತಾರೆ, ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತ ಅವರ ಲೆಕ್ಕ. ಉಳಿದ ಚೂರಿನಲ್ಲಿ ಅಂಥದ್ದು ಮಾಡು, ಅಂಚು ಸುತ್ತ ಬಿಗಿ ಹೊಲಿ. ಮಲಗಿದ ಮಗುವಿಗೆ ಇದನ್ನು ಹೊದೆಸಬೇಡ, ನೆಲಕ್ಕೆ ಹಾಸಿ ಆಡಿಸು.

ಪಟ್ಟಿಗೆ ಬಟ್ಟೆ ಸಾಲದಿದ್ದರೆ ಬಿಜೈ ಅಕ್ಕನ ಹತ್ತಿರ ಬಿಳಿ ಪಾಪ್ಲಿನ್ ಉಂಟು, ಅರ್ಧ ಮೀಟರ್ ಸಾಕು. ಆ ತುಂಡು ಸಿಕ್ಕಿದ ಕೂಡಲೇ ಫೋಟೊ ಹಾಕು.