ಲೋಕ ಮುಳುಗೋದು ಗ್ಯಾರಂಟಿ ಅಂತ ಗೊತ್ತಾದ್ರೆ ಜನ ನಿಜ್ವಾಗ್ಲೂ ಏನ್ ಮಾಡ್ತಾರೆ?

ಮಧ್ಯಾಹ್ನದ_ನಿದ್ದೆ:
2025 ಫೆಬ್ರವರಿಲಿ 2024 ವೈಆರ್4 ಅಂತ ಒಂದು ಕ್ಷುದ್ರಗ್ರಹದ ಸುದ್ದಿ ಬಂದಿತ್ತಲ್ಲ, 2032 ಡಿಸೆಂಬರ್ 22ಕ್ಕೆ ಭೂಮಿಗೆ ಬಡಿಯೋ ಚಾನ್ಸ್ ಶೇ. 3.1 ಅಂತ, ಆಮೇಲೆ ಇನ್ನಷ್ಟು ನೋಡಿ ಲೆಕ್ಕ ಹಾಕಿ ಭೂಮಿಗೇನೂ ಆಗಲ್ಲ ಅಂದ್ರು. ಅದು ಬಿದ್ದಿದ್ರೂ ಹೆಚ್ಚಂದ್ರೆ ಒಂದು ಊರು ಹೋಗ್ತಿತ್ತು ಬಿಡಿ. ಆದ್ರೆ ಡೈನೋಸಾರ್‌ಗಳನ್ನ ಮುಗಿಸಿದ್ದಂಥ, 10 ಕಿಮೀ ಅಗಲದ್ದು ಬರ್ತಿದೆ, ಆರು ತಿಂಗಳು ಟೈಮಿದೆ, ಎಲ್ಲಾ ದೇಶದ ವಿಜ್ಞಾನಿಗಳೂ ಹೌದು ಅಂದ್ರು ಅಂತಿಟ್ಕೊಳ್ಳಿ. ನಮ್ ಆಫೀಸಲ್ಲಿ ಊಟಕ್ಕೆ ಕೂತಾಗ ಈ ಮಾತು ಬಂದು ಎಲ್ರೂ ಲೂಟಿ, ಕೊಲೆ, ಬೆಂಕಿ ಅಂತ ಶುರು ಮಾಡಿದ್ರು. ನಂಗ್ಯಾಕೋ ಹಾಗನ್ಸಲ್ಲ, ಮೊದಲನೇ ವಾರ ಗಲಾಟೆ ಆಗುತ್ತೆ, ಆಮೇಲೆ ಅರ್ಧ ಜನ ಟಿಫನ್ ಬಾಕ್ಸ್ ಹಿಡ್ಕೊಂಡು ಕೆಲ್ಸಕ್ಕೆ ಹೋಗ್ತಾರೆ ಅನ್ಸುತ್ತೆ. ಸಿನಿಮಾ ಥರ ಉತ್ತರ ಬೇಡ, ನಿಜವಾಗ್ಲೂ ಏನಾಗ್ಬೋದು ಹೇಳಿ.

ಖಾಲಿ_ದೋಸೆ:
ಲೂಟಿ ಮಾಡಿ ಏನ್ ಮಾಡ್ತಾರೆ ಗುರು, ಟೀವಿ ಹೊತ್ಕೊಂಡೋಗಿ ಆರು ತಿಂಗಳು ನ್ಯೂಸ್ ನೋಡ್ತಾರಾ? ಖಾಲಿ ಆಗೋದು ಅಕ್ಕಿ, ಗ್ಯಾಸ್ ಸಿಲಿಂಡರು, ಎಣ್ಣೆ. ಎರಡೂ ಥರದ ಎಣ್ಣೆ. 2020 ಮೇ 4ಕ್ಕೆ ಲಾಕ್‌ಡೌನಲ್ಲಿ ವೈನ್ ಶಾಪ್ ಓಪನ್ ಆದಾಗ ಎಷ್ಟುದ್ದ ಕ್ಯೂ ಇತ್ತು ನೆನಪಿದ್ಯಾ. ಆದ್ರೂ ಕ್ಯೂ ಇತ್ತು ನೋಡಿ, ಬಾಗ್ಲು ಒಡೀಲಿಲ್ಲ ನಮ್ಮೋರು.

ತುಮ್ಕೂರ್_ಕಡೆಯವ್ಳು:
ನಮ್ಮಜ್ಜಿ ಅಷ್ಟಗ್ರಹ ಕೂಟದ ಕಥೆ ಹೇಳ್ತಿದ್ರು. 1962 ಫೆಬ್ರವರಿ 3ರಿಂದ 5ರವರೆಗೆ ಮಕರ ರಾಶಿಲಿ ಕೇತುನೂ ಸೇರಿ ಎಂಟು ಗ್ರಹ, ಜೊತೆಗೆ ಗ್ರಹಣ ಬೇರೆ, ಪ್ರಳಯ ಗ್ಯಾರಂಟಿ ಅಂತ ದೇಶದ ತುಂಬಾ ಹೋಮ, ಜಪ, ಅಖಂಡ ಭಜನೆ ನಡೀತು. ನೆಹರೂ ನಕ್ಕಿದ್ರಂತೆ, ಅದೇ ತಿಂಗಳು ಲೋಕಸಭೆ ಎಲೆಕ್ಷನ್ನೂ ಇತ್ತು! ಅಜ್ಜಿ ಊರಲ್ಲಿ ಕೆಲವ್ರು ಇದ್ದಬದ್ದ ಕೋಳಿ ಕುಯ್ಕೊಂಡು ತಿಂದ್ರಂತೆ, ಸಾಲ ತಗೊಂಡಿದ್ದೋರು ಆರಾಮಾಗಿದ್ರಂತೆ, ಸಾಲ ಕೊಟ್ಟಿದ್ದ ಶಾನುಭೋಗ್ರು ಮಾತ್ರ ಮನೆಮನೆಗೆ ಅಲೀತಿದ್ರಂತೆ. ಆದ್ರೆ ಒಂದು ವಿಷ್ಯ ಅಜ್ಜಿ ಯಾವಾಗ್ಲೂ ಹೇಳೋರು, ಕೋಳಿ ತಿಂದ ಮನೇಲೂ ಬಿತ್ತನೆ ರಾಗಿ ಮುಟ್ಟಿರ್ಲಿಲ್ಲ ಅಂತ. ಅಂದ್ರೆ ಬಾಯಲ್ಲಿ ಪ್ರಳಯ, ಒಳಗೊಳಗೆ ಮುಂಗಾರು. ನಿಮ್ ಪ್ರಶ್ನೇಲಿರೋ "ಗ್ಯಾರಂಟಿ" ಇದ್ಯಲ್ಲ ಅದನ್ನ ಮನುಷ್ಯರು ನಂಬೋದೇ ಡೌಟು.

ನಿಜವಾಗ್ಲೂ ನಂಬಿದೋರೂ ಇದ್ರು ಅನ್ನಿ. ಅಮೆರಿಕಾದಲ್ಲಿ ವಿಲಿಯಂ ಮಿಲ್ಲರ್ ಅನ್ನೋನ ಹಿಂಬಾಲಕರು 1844 ಅಕ್ಟೋಬರ್ 22ಕ್ಕೆ ಯೇಸು ಬರ್ತಾನೆ, ಲೋಕ ಮುಗಿಯುತ್ತೆ ಅಂತ ನಂಬಿದ್ರು, ಕೆಲವ್ರು ಬೆಳೆ ಕೊಯ್ಯದೇ ಹೊಲದಲ್ಲೇ ಬಿಟ್ರು. ಅವ್ರು ಊರು ಸುಡ್ಲಿಲ್ಲ, ಒಟ್ಟಿಗೆ ಕೂತು ಪ್ರಾರ್ಥನೆ ಮಾಡ್ತಾ ಕಾದ್ರು. ಗೇಲಿ, ಗಲಾಟೆ ಎಲ್ಲಾ ಮಾಡಿದ್ದು ನಂಬದೇ ಇದ್ದ ಅಕ್ಕಪಕ್ಕದೋರು.

ಕೋಡ್_ಕೊರೆಯೋನು:
ಇದಕ್ಕೆ ಒಂದು ಸ್ಟಡಿನೇ ಇದೆ. ಆರ್ಕ್‌ಏಜ್ ಅಂತ ಕೊರಿಯಾದ ಆನ್‌ಲೈನ್ ಗೇಮು, ಅದರ ಬೀಟಾ ಟೆಸ್ಟ್ (ಬಿಡುಗಡೆಗೆ ಮುಂಚೆ ಜನರ ಕೈಲಿ ಆಡಿಸಿ ನೋಡೋದು) ಮುಗಿದ ದಿನ ಎಲ್ರ ಕ್ಯಾರೆಕ್ಟರೂ ಅಳಿಸಿ ಹಾಕ್ತೀವಿ ಅಂತ ಆಡೋರಿಗೆಲ್ಲಾ ಮೊದಲೇ ಗೊತ್ತಿತ್ತು. ಸುಮಾರು 27 ಕೋಟಿ ದಾಖಲೆ ಜಾಲಾಡಿ ನೋಡಿದ್ರೆ ಕೊಲೆ ಸುಲಿಗೆ ಎಲ್ಲಾ ಕಡೆ ಹಬ್ಬಲಿಲ್ಲ, ಕೆಲವೇ ಕೆಲವ್ರು ಮಾತ್ರ ಸಿಕ್ಕಸಿಕ್ಕೋರನ್ನ ಕೊಲ್ಲೋಕೆ ಶುರು ಮಾಡಿದ್ರು. ಬದಲಾಗಿದ್ದು ಏನು ಅಂದ್ರೆ ಜನ ಕ್ವೆಸ್ಟು (ಗೇಮ್ ಕೊಡೋ ಕೆಲ್ಸಗಳು), ಲೆವೆಲ್ ಏರಿಸ್ಕೊಳ್ಳೋದು ಎಲ್ಲಾ ಬಿಟ್ಟಾಕಿದ್ರು, ಚಾಟಲ್ಲಿ ಮಾತು ಸ್ವಲ್ಪ ಖುಷಿಯಾಗೇ ಇತ್ತು. ಅಂದ್ರೆ ನಿಮ್ಮ ಟಿಫನ್ ಬಾಕ್ಸ್ ಥಿಯರಿ ಡೌಟು ಬ್ರೋ, ಅಪ್ರೈಸಲ್ ಇಲ್ದಿದ್ರೆ ಯಾರ್ ಬರ್ತಾರೆ.

ಮಧ್ಯಾಹ್ನದ_ನಿದ್ದೆ:
ಗೇಮಲ್ಲಿ ಹೊಟ್ಟೆ ಹಸಿಯಲ್ಲ, ಮಕ್ಕಳಿರಲ್ಲ, ಲಾಗೌಟ್ ಆದ್ರೆ ಅಮ್ಮ ಅನ್ನ ಬಡಿಸ್ತಾರೆ. ಅದನ್ನ ಇದಕ್ಕೆ ಹೋಲ್ಸೋದು ಸ್ವಲ್ಪ ಜಾಸ್ತಿಯಾಯ್ತು.

ಕಡಲತೀರ_77:
ಮಾರಾಯ್ರೆ, ಟೈಮ್ ಎಷ್ಟಿದೆ ಅನ್ನೋದೇ ಎಲ್ಲ. ಟೈಟಾನಿಕ್ ಮುಳುಗೋಕೆ 2 ಗಂಟೆ 40 ನಿಮಿಷ ಹಿಡೀತು, ಹೆಂಗಸರು ಮಕ್ಕಳು ಜಾಸ್ತಿ ಬದುಕಿದ್ರು. 1915ರಲ್ಲಿ ಲೂಸಿಟೇನಿಯಾ ಹಡಗಿಗೆ ಜರ್ಮನಿಯವ್ರು ಟಾರ್ಪಿಡೋ ಹೊಡೆದಾಗ ಅದು 18 ನಿಮಿಷದಲ್ಲಿ ಮುಳುಗ್ತು, ಅಲ್ಲಿ ಬದುಕುಳಿಯೋದ್ರಲ್ಲಿ ಗಟ್ಟಿಮುಟ್ಟಾದ ಹರೆಯದವ್ರೇ ಮುಂದೆ. ನಾಚಿಕೆ, ಮರ್ಯಾದೆ ಎಲ್ಲಾ ನೆನಪಾಗೋಕೂ ಸ್ವಲ್ಪ ಹೊತ್ತು ಬೇಕು ಅಂತ ಕಾಣ್ತದೆ. ಹವಾಯಿಯಲ್ಲಿ 2018 ಜನವರಿ 13ಕ್ಕೆ ಕ್ಷಿಪಣಿ ಬರ್ತಾ ಉಂಟು ಅಂತ ತಪ್ಪು ಮೆಸೇಜ್ ಬಂದು 38 ನಿಮಿಷ ಆದ ಮೇಲೆ ಸುಳ್ಳು ಅಂದ್ರಲ್ಲ, ಆ ಹೊತ್ತಿಗೆ ಜನ ಮನೆಯವ್ರಿಗೆ ಫೋನ್ ಮಾಡಿದ್ರು, ಮಕ್ಕಳನ್ನ ಮ್ಯಾನ್‌ಹೋಲ್ ಒಳಗೆ ಇಳಿಸಿದ್ರು. ಆರು ತಿಂಗಳು ಅಂದ್ರೆ ಅದೇ ಬೇರೆ ಕಥೆ.

ಶಿಫ್ಟ್_ಡ್ಯೂಟಿ:
ನೀವೆಲ್ಲಾ ಒಳ್ಳೇವ್ರು ಕೆಟ್ಟೋರು ಅಂತ ಮಾತಾಡ್ತಿದೀರ, ನಂಗೆ ಕಾಣೋದು ಪಂಪ್‌ಹೌಸು. ಬೆಂಗಳೂರಿಗೆ ಕಾವೇರಿ ನೀರು ತಾನಾಗೇ ಹರ್ಕೊಂಡು ಬರಲ್ಲ ಸ್ವಾಮಿ, ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಮೇಲಕ್ಕೆ ಎತ್ಬೇಕು, ಸುಮಾರು 100 ಕಿಮೀ ದೂರದಿಂದ. ಅದಕ್ಕೆ ಕರೆಂಟ್ ಬೇಕು. ರಾಯಚೂರಲ್ಲಿ ಕರೆಂಟ್ ಆಗೋಕೆ ಕಲ್ಲಿದ್ದಲು ರೈಲಲ್ಲಿ ಬರ್ಬೇಕು, ರೈಲಿಗೆ ಡ್ರೈವರ್ ಬರ್ಬೇಕು, ಗಣೀಲಿ ಯಾರೋ ಅಗೀಬೇಕು. ಶರಾವತಿ ಆದ್ರೆ ನೀರು ಬೀಳುತ್ತೆ, ಆದ್ರೂ ಕಂಟ್ರೋಲ್ ರೂಮಲ್ಲಿ ಜನ ಇರ್ಲೇಬೇಕು. ಈ ಸಾಲಲ್ಲಿ ಒಂದೇ ಕಡೆ ನಾಲ್ಕು ಜನ "ಮಕ್ಕಳ ಜೊತೆ ಇರ್ತೀನಿ" ಅಂತ ಊರಿಗೆ ಹೋದ್ರೆ, ಅವ್ರು ಹಂಗಂದ್ರೆ ತಪ್ಪು ಅನ್ನೋಕಾಗುತ್ತಾ ಹೇಳಿ, ನಿಮ್ಮ ಹತ್ತನೇ ಫ್ಲೋರಿಗೆ ನೀರಿಲ್ಲ. ಆಮೇಲೆ ಎಷ್ಟು ಒಳ್ಳೇವ್ರಾದ್ರೂ ಟ್ಯಾಂಕರ್ ಹತ್ರ ಹೊಡೆದಾಡೇ ಆಡ್ತಾರೆ. ನಾನು ಡ್ಯೂಟಿಗೆ ಹೋಗ್ತೀನಾ? ರಿಲೀವರ್ ಬರ್ತಾನೆ ಅಂತ ಖಾತ್ರಿ ಇದ್ರೆ ಹೋಗ್ತೀನಿ. ಅವನೂ ನನ್ನ ಬಗ್ಗೆ ಅದೇ ಯೋಚಿಸ್ತಿರ್ತಾನೆ, ಅಲ್ಲೇ ಇರೋದು ಪ್ರಾಬ್ಲಮ್ಮು.

ಮದ್ದೂರ್_ಗೌಡ:
ಏನ್ ಬುದ್ಧಿ ಇದು ಇಷ್ಟೊಂದು ತಲೆ ಕೆಡಿಸ್ಕೊಂಡಿದೀರ. ನಮ್ಮನೇಲಿ ನಾಕ್ ಹಸ ಅವೆ, ಬೆಳಗೆದ್ದು ಕರೀದಿದ್ರೆ ಕೆಚ್ಚಲು ಬಾತ್ಕತದೆ, ಅವುಕ್ಕೇನ್ ಗೊತ್ತು ಪ್ರಳಯ. ಡೈರಿ ವ್ಯಾನ್ ಬರ್ನಿಲ್ಲ ಅಂದ್ರೆ ಕರಕ್ಕೆ ಬಿಟ್ಟು ಮಿಕ್ಕಿದ್ದು ಊರೋರ್ಗೆ ಕೊಡದು, ದುಡ್ ಇಸ್ಕಂಡ್ ಏನ್ ಮಾಡವು. ಫೀಡ್ ಸಿಗ್ದಿದ್ರೆ ಕಷ್ಟ, ಆದ್ರೆ ಹುಲ್ಲೈತೆ. ಬೆಂಗಳೂರೋರೆಲ್ಲ ಊರಿಗ್ ಬತ್ತೀರಲ್ಲ ಆಗ, ಲಾಕ್‌ಡೌನಲ್ಲಿ ಬಂದಂಗೆ, ಬನ್ನಿ, ಆದ್ರೆ ಸುಮ್ಕೆ ಕುಂತ್ಕಂಡ್ ಉಣ್ಣಕಾಗಕಿಲ್ಲ, ಸಗಣಿ ಬಾಚ್ಬೇಕು.